ಆಚೆ ಗದ್ದೆಯ ಬೆರ್ಚಪ್ಪ

ಅಣ್ಣಾ ನಗರದ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ, ಟೀವಿಯ ಪಕ್ಕದ ಗೋಡೆಗೆ ಒಂದು ಚಿತ್ರ ತೂಗುಹಾಕಿದೆ. ಬಂದವರೆಲ್ಲ ಅದನ್ನು ನೋಡಿ, ಮೊಮ್ಮಗಳು ಬರೆದದ್ದೇ ಎಂದು ಕೇಳುತ್ತಾರೆ. ಅವರದೇನೂ ತಪ್ಪಿಲ್ಲ. ಗೆರೆಗಳು ನಡುಗಿವೆ, ಹಸಿರು ಬಣ್ಣ ಗೆರೆ ದಾಟಿ ಆಕಾಶಕ್ಕೆ ಹತ್ತಿದೆ, ಗುಡ್ಡ ಎಣ್ಣೆಯಲ್ಲಿ ಬಿಟ್ಟ ಬೋಂಡದ ಹಾಗೆ ಉಬ್ಬಿಕೊಂಡಿದೆ. ಬರೆದವರು ನನ್ನ ಯಜಮಾನರು. ಬಲಗೈ ಸ್ವಾಧೀನ ತಪ್ಪಿದ ಮೇಲೆ ಎಡಗೈಯಲ್ಲಿ ಬರೆದರು. ಮಾತು ಹೋದ ಮೇಲೆ ಅವರು ನನ್ನೊಡನೆ ಆಡಲು ನೋಡಿದ ಮಾತೆಂದರೆ ಈ ಚಿತ್ರ ಒಂದೇ. ಅವರು ಬದುಕಿದ್ದಷ್ಟು ದಿನವೂ ಅದು ನನಗೆ ಅರ್ಥವಾಗಲಿಲ್ಲ.

ಚಿತ್ರದಲ್ಲಿ ಕೊಯ್ಲಾದ ಗದ್ದೆಗಳಿವೆ. ನಡುವೆ ಒಂದು ತೋಡು ಹರಿಯುತ್ತದೆ, ಹಿಂದೆ ಆ ಬೋಂಡದ ಗುಡ್ಡ. ಆಕಾಶ ಬದನೆಕಾಯಿ ಬಣ್ಣಕ್ಕೆ ತಿರುಗಿದೆ, ಅಂದರೆ ಮುಸ್ಸಂಜೆ. ಗದ್ದೆಯ ತುಂಬ ಅಲ್ಲಲ್ಲಿ ಕಿತ್ತಳೆ ಬಣ್ಣದ ಚುಕ್ಕೆಗಳು. ಬಲಗಡೆ, ನಮಗೆ ಹತ್ತಿರದಲ್ಲಿ, ಚಡ್ಡಿ ಹಾಕಿದ ಒಬ್ಬ ಹುಡುಗ ಒಂದು ಕೈಯನ್ನು ಕೆನ್ನೆಯ ಹತ್ತಿರ ಇಟ್ಟುಕೊಂಡು ಬಾಯನ್ನು ದೊಡ್ಡದಾಗಿ ತೆರೆದು ನಿಂತಿದ್ದಾನೆ. ಎಡಗಡೆ, ತೋಡಿನ ಆಚೆ, ತುಂಬ ದೂರದ ಗದ್ದೆಯಲ್ಲಿ ಬೆರಳುದ್ದದ ಇನ್ನೊಂದು ಆಕಾರವಿದೆ. ಕಡ್ಡಿಯಂಥ ಮೈ, ಗಾಳಿಗೆ ಹಾರುವ ಬಟ್ಟೆ. ಅದು ಬೆರ್ಚಪ್ಪ ಎಂದು ನಾನೇ ತೀರ್ಮಾನ ಮಾಡಿದೆ. ಗದ್ದೆಯ ಚಿತ್ರ ಎಂದ ಮೇಲೆ ಹಕ್ಕಿ ಓಡಿಸಲು ಬೆರ್ಚಪ್ಪ ಇರಲೇಬೇಕಲ್ಲ. ಸ್ಕೂಲಿನ ಡ್ರಾಯಿಂಗ್ ಕ್ಲಾಸಿನಲ್ಲಿ ನಮಗೆ ಹಾಗೇ ಹೇಳಿಕೊಟ್ಟಿದ್ದರು.

ಗದ್ದೆಯ ವಿಷಯದಲ್ಲಿ ನನ್ನ ಪಾಂಡಿತ್ಯ ಅಷ್ಟೇ. ನಾನು ಮದ್ರಾಸಿನವಳು. ತಾತನ ಕಾಲಕ್ಕೇ ಮೈಸೂರು ಸೀಮೆ ಬಿಟ್ಟು ಮೈಲಾಪೂರ್ ಸೇರಿದ ವೈಷ್ಣವರ ಮನೆಯಲ್ಲಿ ಹುಟ್ಟಿದೆ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು, ಅಪ್ಪನಿಗೆ ಕೋಪ ಬಂದರೆ ಇಂಗ್ಲಿಷ್. ಹೆಣ್ಣುಮಕ್ಕಳ ದನಿ ಪಕ್ಕದ ಮನೆಗೆ ಕೇಳಬಾರದು ಎಂಬುದು ಅಜ್ಜಿಯ ಕಾನೂನು. ಜೋರಾಗಿ ನಕ್ಕರೂ ಅವರು ಅಡುಗೆಮನೆಯಿಂದ ಸೌಟು ಬಡಿದು ಎಚ್ಚರಿಸುತ್ತಿದ್ದರು. ಯಜಮಾನರು ಕುಂದಾಪುರದ ಕಡೆಯವರು. ಮೀಸೆ ಮೂಡುವ ಮೊದಲೇ ಮದ್ರಾಸಿಗೆ ಬಂದು, ಸೋದರಮಾವನ ಹೋಟೆಲ್ ಸೇರಿ, ಕೊನೆಗೆ ಅದನ್ನು ತಾವೇ ನಡೆಸಿದರು. ನನ್ನಪ್ಪ ಅಲ್ಲಿಗೆ ದಿನಕ್ಕೆ ಎರಡು ಸಲ ಕಾಫಿಗೆ ಹೋಗುತ್ತಿದ್ದರು. ಕಾಫಿ ಹಿಡಿಸಿತು, ಕಾಫಿ ಕೊಟ್ಟ ಹುಡುಗನೂ ಹಿಡಿಸಿದ. ನನ್ನನ್ನು ಕೇಳಿದ್ದು ಆಮೇಲೆ.

ಹೋಟೆಲ್ ಬಾಗಿಲಲ್ಲಿ ಒಂದು ಕಪ್ಪು ಹಲಗೆ ಇತ್ತು. ಅಂದಿನ ಸ್ಪೆಷಲ್ ಏನೆಂದು ಬರೆಯುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಬರೀ ಬರೆದರೆ ಸಾಲದು, ಪಕ್ಕದಲ್ಲಿ ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರವೂ ಬೇಕು. ಅವರು ಬರೆದ ಪೊಂಗಲ್‌ನಿಂದ ಹಬೆ ಏಳುತ್ತಿತ್ತು. ಆದರೆ ಊರಿನ ಚಿತ್ರವನ್ನು ಒಂದು ದಿನವೂ ಬರೆದವರಲ್ಲ, ಊರಿನ ಮಾತನ್ನೂ ಆಡಿದವರಲ್ಲ. ನಾನು ಕೆದಕಿದರೆ, "ಎಂತ ಇತ್ತ್ ಅಲ್ಲಿ? ಮಳಿ, ಕೆಸ್ರ್, ಮತ್ತ್ ಮಳಿ" ಎಂದು ಕೈ ಝಾಡಿಸುತ್ತಿದ್ದರು. ನಾನು ಆ ಊರನ್ನು ನೋಡಿದ್ದು ಬೇಸಿಗೆಯಲ್ಲಿ ಮಾತ್ರ, ಅದೂ ಯಾರದಾದರೂ ಮದುವೆಗೆ. ದೀಪಾವಳಿಗೆ ಹೋಗುವ ಮಾತೇ ಇರಲಿಲ್ಲ. ಮೈಲಾಪೂರ್ ಜನ ಎಲ್ಲ ಮೈಸೂರು ಪಾಕಿಗೆ ನಮ್ಮ ಹೋಟೆಲ್ ಮುಂದೆ ಸಾಲು ನಿಲ್ಲುವ ಹೊತ್ತಿನಲ್ಲಿ ಯಜಮಾನರು ಊರಿಗೆ ಹೋಗುವುದುಂಟೇ?

ಲಕ್ವ ಹೊಡೆದದ್ದು ಆ ಹಲಗೆಯ ಮುಂದೆಯೇ. ಕೈಯಿಂದ ಸೀಮೆಸುಣ್ಣ ಬಿತ್ತು, ಅದರ ಹಿಂದೆಯೇ ಅವರೂ ಬಿದ್ದರು. ಆಸ್ಪತ್ರೆಯಿಂದ ಮನೆಗೆ ತಂದಾಗ ಬಲಭಾಗ ಇರಲಿಲ್ಲ, ಮಾತು ಇರಲಿಲ್ಲ. ಬಾಯಿ ತೆರೆದರೆ ಗಾಳಿ ಮಾತ್ರ ಬರುತ್ತಿತ್ತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲವಂತೆ. ಊರಿಗೆಲ್ಲ ಊಟ ಹಾಕಿದವರಿಗೆ ಈ ರೋಗ ಬಂತು. ಜಗಳಕ್ಕೋ, ನನ್ನ ಜೊತೆಗಾರನೇ ಇಲ್ಲವಾದ. ಮೌನ ಬಂಗಾರ ಎಂದು ಗಾದೆ ಕಟ್ಟಿದ ಪುಣ್ಯಾತ್ಮನನ್ನು ಒಂದು ಮಧ್ಯಾಹ್ನ ನಮ್ಮ ಹಾಲ್‌ನಲ್ಲಿ ಕೂರಿಸಬೇಕಿತ್ತು.

ಮಾತು ಕಲಿಸಲು ಒಬ್ಬಳು ತಮಿಳು ಹುಡುಗಿ ಮನೆಗೆ ಬರುತ್ತಿದ್ದಳು. ನೀರು, ಊಟ, ಕಕ್ಕಸು ಎಂದು ಬೇರೆ ಬೇರೆ ಚಿತ್ರಗಳಿದ್ದ ಒಂದು ಹಲಗೆ ತಂದು, ಬೇಕಾದ್ದನ್ನು ಮುಟ್ಟಿ ತೋರಿಸಿ ಎಂದಳು. ಯಜಮಾನರು ಅದನ್ನು ಎಡಗೈಯಿಂದ ಪಕ್ಕಕ್ಕೆ ತಳ್ಳಿದರು. ಮಾರನೆಯ ವಾರವೂ ತಳ್ಳಿದರು. ಆಗ ಅವಳು, ಇವರಿಗೆ ಬರೆಯುವ ಅಭ್ಯಾಸ ಇದ್ದರೆ ಏನಾದರೂ ಬರೆಯಲಿ ಎಂದಳು. ಮಗ ತನ್ನ ಮಗಳ ಬಣ್ಣದ ಡಬ್ಬಿ ತಂದುಕೊಟ್ಟ. ಅವರು ಪ್ರತಿ ದಿನ ಬೆಳಿಗ್ಗೆ ಬಾಲ್ಕನಿಯ ಬಿಸಿಲಿಗೆ ಕೂತು, ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಒಂದು ವಾರಕ್ಕೂ ಮೇಲೆ ಬರೆದರು. ಕುಂಚ ಜಾರಿದಾಗಲೆಲ್ಲ ಬೆರಳಿನಿಂದ ಒರೆಸಿದರು. ಎಲ್ಲಕ್ಕಿಂತ ಕೊನೆಗೆ ಬರೆದದ್ದು ದೂರದ ಆ ಬೆರ್ಚಪ್ಪನನ್ನು. ಬರೆದು ಮುಗಿಸಿ ನನ್ನ ಸೆರಗು ಹಿಡಿದು ಎಳೆದರು.

ಅಂದಿನಿಂದ ಶುರುವಾಯಿತು. ಅವರು ಮೊದಲು ಹುಡುಗನನ್ನು ಮುಟ್ಟುವರು. ಆಮೇಲೆ ಬೆರಳನ್ನು ನಿಧಾನವಾಗಿ ಕಾಗದದ ಮೇಲೆ ಎಳೆದು, ತೋಡು ದಾಟಿಸಿ, ಬೆರ್ಚಪ್ಪನ ಹತ್ತಿರ ಒಯ್ಯುವರು. ಅಲ್ಲಿಂದ ಬೆರಳನ್ನು ಎತ್ತಿ ನನ್ನ ಎದೆಗೆ ಮುಟ್ಟಿಸುವರು. ಮುಟ್ಟಿಸಿ, ಎಡಗೈಯನ್ನು ಕೆನ್ನೆಗೆ ತಂದು, ಬಾಯನ್ನು ದುಂಡಗೆ ತೆರೆದು, ನನ್ನ ಮುಖವನ್ನೇ ನೋಡುತ್ತ ಕಾಯುವರು. ಏನೋ ಒಂದು ಬೇಕು, ಅದು ನನ್ನಿಂದಲೇ ಆಗಬೇಕು ಎನ್ನುವವರೆಗೆ ನನಗೆ ತಿಳಿಯುತ್ತಿತ್ತು. ಆ ಒಂದು ಏನು ಎಂದು ತಿಳಿಯದೆ ಇಡೀ ಮನೆ ಒದ್ದಾಡಿತು.

ಮಾತಿನ ಹುಡುಗಿ ಚಿತ್ರ ನೋಡಿ ಖುಷಿಪಟ್ಟಳು. "ಚಿನ್ನ ವಯಸು ಞಾಪಕಂ ವರುದು ಮಾಮಿ, ನಲ್ಲ ಸೈನ್" ಎಂದಳು. ಬಾಲ್ಯ ನೆನಪಾಗುತ್ತಿದೆ, ಒಳ್ಳೆಯ ಲಕ್ಷಣ ಎಂದು. ಹುಡುಗ ಸಂತೋಷದಿಂದ ಹಾಡುತ್ತಿದ್ದಾನೆ, ಕಿತ್ತಳೆ ಚುಕ್ಕೆಗಳು ಹೂವು ಎಂದು ವ್ಯಾಖ್ಯಾನವನ್ನೂ ಕೊಟ್ಟಳು.

ಮಗನಿಗೆ ಹುಡುಗ ಅಳುವ ಹಾಗೆ ಕಂಡ. ನಾನು ಕನ್ನಡದಲ್ಲಿ ಕೇಳಿದರೆ ಅವನು ತಮಿಳಿನಲ್ಲಿ ಉತ್ತರಿಸುವವನು. ಅಪ್ಪನ ಕುಂದಾಪುರದ ಕನ್ನಡವಂತೂ ಅವನ ಕಿವಿಯಲ್ಲಿ ಅರ್ಧ ಮಾತ್ರ ಇಳಿಯುತ್ತಿತ್ತು. "ಅಪ್ಪಾವುಕ್ಕು ಊರುಕ್ಕು ಪೋಣುಂ ಅಮ್ಮಾ, ಅವ್ವಳವುದಾನ್" ಎಂದ. ಊರಿಗೆ ಹೋಗಬೇಕಂತೆ, ಅಷ್ಟೇ. ನುಂಗಂಬಾಕ್ಕಂ ಆಫೀಸಿಗೆ ರಜೆ ಹಾಕಿ, ಮಲಗಿಸಿಕೊಂಡು ಹೋಗುವ ಗಾಡಿಯನ್ನೂ ಗೊತ್ತು ಮಾಡಿ, ಅಪ್ಪನಿಗೆ ಹೇಳಿದ. ಯಜಮಾನರು ತಲೆಯನ್ನು ಈಕಡೆಯಿಂದ ಆಕಡೆಗೆ ಜೋರಾಗಿ ಆಡಿಸಿದರು, ಬೇಡವೇ ಬೇಡ ಎಂದು. ಮತ್ತೆ ನನ್ನ ಎದೆ ಮುಟ್ಟಿದರು, ಮತ್ತೆ ಬಾಯಿ ತೆರೆದರು.

ನಾನು ಮೊದಲು ಹಲ್ಲುನೋವು ಎಂದುಕೊಂಡೆ. ಕೆನ್ನೆಗೆ ಕೈ ಹಿಡಿದು ಬಾಯಿ ತೆರೆದರೆ ಇನ್ನೇನು? ವೀಲ್‌ಚೇರಿನಲ್ಲಿ ಕೂರಿಸಿ ಡೆಂಟಿಸ್ಟ್ ಹತ್ತಿರ ಕರೆದೊಯ್ದೆವು. ಅವನು ಒಳಗೆಲ್ಲ ದೀಪ ಹಾಕಿ ನೋಡಿ, ಈ ವಯಸ್ಸಿಗೆ ಇಂಥ ಹಲ್ಲು ನೋಡಿಯೇ ಇಲ್ಲ ಎಂದು ಶಭಾಷ್‌ಗಿರಿ ಕೊಟ್ಟ. ಆಮೇಲೆ ನನಗೆ ಉಳಿದದ್ದು ಒಂದೇ ಅರ್ಥ, ಹಸಿವು. ಹೋಟೆಲ್‌ನವರಿಗೆ ತೆರೆದ ಬಾಯಿ ಕಂಡರೆ ಬೇರೇನೂ ತೋಚುವುದಿಲ್ಲ. ಗಿರಾಕಿ ಆಕಳಿಸಿದರೂ ಮುಂದೆ ಎಲೆ ಹಾಕುವ ಜಾತಿ ನಮ್ಮದು. ಅವರಿಗೆ ನೀರಾದದ್ದು ನೆತ್ತಿಗೆ ಹತ್ತುತ್ತಿತ್ತು, ಗಟ್ಟಿ ಗಂಜಿಯನ್ನೇ ಕೊಡಬೇಕೆಂದು ಡಾಕ್ಟರು ಹೇಳಿದ್ದರು. ಹಾಗಾಗಿ ರವೆ ಗಂಜಿ ಯಾವಾಗಲೂ ಒಲೆಯ ಪಕ್ಕ ಸಿದ್ಧವಾಗಿರುತ್ತಿತ್ತು. ಅವರು ಬಾಯಿ ತೆರೆದರೆ ನಾನು ಒಂದು ಚಮಚ ಹಾಕುತ್ತಿದ್ದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿ, ಬಾಯಿ ಮುಚ್ಚಿ, ನುಂಗುತ್ತಿದ್ದರು.

ಒಂದು ದಿನ ನನಗೂ ತಾಳ್ಮೆ ಕೆಟ್ಟಿತು. ಬೆರಳು ಬೆರ್ಚಪ್ಪನಿಂದ ನನ್ನ ಎದೆಗೆ ಬಂದದ್ದೇ ತಡ, "ಏನು, ನಾನು ನಿಮ್ಮ ಗದ್ದೆ ಬೆರ್ಚಪ್ಪನಾ? ಈ ವಯಸ್ಸಿನಲ್ಲಿ ನಿಮ್ಮನ್ನ ಎತ್ತಿ ಇಳಿಸಿ, ತಲೆ ಕೂಡ ಬಾಚಿಕೊಳ್ಳದೆ ನಿಂತಿದೀನಲ್ಲ, ಹಾಗೇ ಕಾಣ್ತೀನೇನೋ!" ಎಂದೆ. ಅವರಿಗೆ ನಗು ಬಂತು. ಅರ್ಧ ಬಾಯಿಯಲ್ಲಿ ನಕ್ಕರು, ಇನ್ನರ್ಧ ಹಾಗೇ ಜೋತುಬಿದ್ದಿತ್ತು. ನಾನೂ ನಕ್ಕೆ. ನಕ್ಕು ಸುಮ್ಮನಾಗಿದ್ದರೆ ಸರಿ ಇತ್ತು. ಅವರು ನಗುತ್ತಿದ್ದಂತೆಯೇ ಕಣ್ಣಿನಿಂದ ನೀರು ಇಳಿಯಿತು, ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು ಬಿಡಲೇ ಇಲ್ಲ. ನಾನು ಸೆರಗಿನಿಂದ ಅವರ ಕಣ್ಣೊರೆಸಿದೆ. ಅದೂ ಅವರು ಕೇಳಿದ್ದಲ್ಲ ಎಂದು ಅವರ ಕಣ್ಣೇ ಹೇಳುತ್ತಿತ್ತು.

ಶ್ರಾವಣ ಮುಗಿಯುತ್ತ ಬಂದಾಗ ಒಂದು ರಾತ್ರಿ ಎರಡನೆಯ ಸಲ ಲಕ್ವ ಹೊಡೆಯಿತು. ಅಂದು ಸಂಜೆಯೂ ಚಿತ್ರ ಬೇಕೆಂದು ಸನ್ನೆ ಮಾಡಿದ್ದರು. ಎತ್ತಿ ಹಿಡಿದೆ. ಬೆರಳು ಹುಡುಗನವರೆಗೆ ಹೋಯಿತು, ತೋಡಿನಲ್ಲಿ ನಿಂತುಬಿಟ್ಟಿತು. ಬಾಯಿ ತೆರೆದರು. ನಾನು ಗಂಜಿ ಹಾಕಿದೆ. ನುಂಗಿದರು. ಬೆಳಗಾಗುವ ಹೊತ್ತಿಗೆ ಇರಲಿಲ್ಲ. ಹೊಟ್ಟೆ ತುಂಬಿಕೊಂಡು ಹೋದರು ಎಂದು ಬಂದವರೆಲ್ಲ ನನ್ನನ್ನು ಸಮಾಧಾನಪಡಿಸಿದರು. ನನಗೂ ಅದೇ ಸಮಾಧಾನ ಎನಿಸಿತ್ತು. ಚಿತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೆ.

ಅವರ ಅಕ್ಕ, ನನ್ನ ಅತ್ತಿಗೆ, ಮಂಡಿ ಆಪರೇಷನ್ ಆಗಿ ಊರಲ್ಲಿ ಮಲಗಿದ್ದವರು, ಸಾವಿಗೆ ಬರಲಾಗಿರಲಿಲ್ಲ. ಮಾಸಿಕಕ್ಕೆ ಕೋಲು ಊರಿಕೊಂಡು ಬಂದರು. ಬಾಗಿಲಲ್ಲಿ ನನ್ನನ್ನು ತಬ್ಬಿ ಅತ್ತು, ಕುರ್ಚಿಯಲ್ಲಿ ಕೂತು, ನೀರು ಕುಡಿದು ತಲೆ ಎತ್ತಿದಾಗ ಗೋಡೆ ಕಂಡಿತು.

"ಹೋಯ್, ಇದ್ ಯಾರ್ ಬರ್ದದ್?"

"ನಿಮ್ಮ ತಮ್ಮ," ಎಂದೆ. "ಮಾತು ಹೋದ ಮೇಲೆ."

ಅತ್ತಿಗೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಕೋಲು ಊರಿ ಎದ್ದು ಚಿತ್ರದ ಮುಂದೆ ನಿಂತರು. ಆಮೇಲೆ ಬಲಗೈಯನ್ನು ಕೆನ್ನೆಗೆ ತಂದು, ಬಾಯಿಯನ್ನು ದುಂಡಗೆ ತೆರೆದರು. ಅದೇ ಕೈ, ಅದೇ ಬಾಯಿ.

"ಕೂ..."

ಎಪ್ಪತ್ತು ದಾಟಿದ ಹೆಂಗಸಿನ ಎದೆಯಿಂದ ಅಷ್ಟು ಉದ್ದದ, ಅಷ್ಟು ದೊಡ್ಡ ಕೂಗು ಬರಬಹುದೆಂದು ನಾನು ಎಣಿಸಿರಲಿಲ್ಲ. ಮಗ ರೂಮಿನಿಂದ ಓಡಿಬಂದ. ಎದುರು ಫ್ಲ್ಯಾಟಿನ ನಾಯಿ ಬೊಗಳಿತು.

"ಏನಾಯ್ತು ಅತ್ತಿಗೆ?" ಎಂದೆ.

"ಎಂತ ಆಯ್ಕ್? ಅವ ಕೂಗ್ತಾ ಇದ್ದ ಅಲ್ದಾ? ನಾನ್ ತಿರ್ಗಿ ಕೂಗ್ದೆ," ಎಂದು ಅತ್ತಿಗೆ ಕುಸಿದು ಕೂತರು.

ಆಮೇಲೆ ಅವರು ಅಳುತ್ತ, ಮೂಗೊರೆಸಿಕೊಳ್ಳುತ್ತ ಹೇಳಿದ್ದು ಇಷ್ಟು. ಅವರ ಕಡೆ ದೀಪಾವಳಿಯಲ್ಲಿ, ಬಲಿಪಾಡ್ಯಮಿಯ ಮುಸ್ಸಂಜೆ, ಗದ್ದೆಗೆ ದೀಪ ಇಡುತ್ತಾರೆ. ಕೋಲಿನ ತುದಿ ಸೀಳಿ ಎಣ್ಣೆಯಲ್ಲಿ ಅದ್ದಿದ ಬತ್ತಿ ಸಿಕ್ಕಿಸಿ, ಹಚ್ಚಿ, ಗದ್ದೆಗದ್ದೆಯಲ್ಲೂ ಊರುತ್ತಾರೆ. ಕಾಡುಹೂವು, ಅವಲಕ್ಕಿ ಇಟ್ಟು, ವರ್ಷಕ್ಕೊಮ್ಮೆ ಪಾತಾಳದಿಂದ ತನ್ನ ನೆಲ ನೋಡಲು ಬರುವ ಬಲೀಂದ್ರನನ್ನು ಕೂಗಿ ಕರೆಯುತ್ತಾರೆ. ಕೊನೆಗೆ ಉದ್ದಕ್ಕೆ ಒಂದು 'ಕೂ'. ಈ ಗದ್ದೆಯಿಂದ ಕೂಗಿದರೆ ಆಚೆ ಗದ್ದೆಯಲ್ಲಿ ಇರುವವರು ತಿರುಗಿ ಕೂಗಬೇಕು. ದೀಪ ಹಿಡಿದು ಹೋಗುವ ಕೆಲಸ ಅವರ ಮನೆಯಲ್ಲಿ ಈ ಇಬ್ಬರು ಮಕ್ಕಳದು. ತಮ್ಮ ಮನೆಯ ಹತ್ತಿರದ ಗದ್ದೆಗೆ, ಅಕ್ಕ ತೋಡಿನ ಆಚೆಯ ಗದ್ದೆಗೆ. ಆಚೆ ಗದ್ದೆಯಲ್ಲಿ ಬೆರ್ಚಪ್ಪ ಇದೆಯಲ್ಲ ಎಂದೆ ನಾನು.

"ಇದ್ ಬೆರ್ಚಪ್ಪ ಅಲ್ಲ ಮಾರಾಯ್ತಿ. ಇದ್ ನಾನ್. ಹಾರುದ್ ನನ್ನ ಲಂಗ," ಎಂದರು ಅತ್ತಿಗೆ. "ಆಚಿ ಗೆದ್ದಿಯಿಂದ ಕೂ ಬಪ್ಪಲ್ಲಿವರಿಗೆ ಮನಿಗೆ ಹೋಪುಕಾಗ. ಅಪ್ಪಯ್ಯ ಹೇಳಿದ್ದ್. ಕತ್ಲಿ ಆರೂ ಸೈ, ಮಳಿ ಬಂದ್ರೂ ಸೈ, ನಿಲ್ಕ್. ನನ್ನ ಮದಿ ಆಯಿ ನಾನ್ ಗಂಡನ್ ಮನಿಗೆ ಹೋದ್ ವರ್ಷ ಆಚಿ ಗೆದ್ದಿಯಂಗೆ ಯಾರೂ ಇಲ್ಲ. ಇವ ಕೂಗಿದ, ಕೂಗಿದ. ಮನಿಗೆ ಬಾ ಅಂದ್ರೆ ಬಪ್ಪುದಿಲ್ಲ. ಕಡೆಗ್ ಅಮ್ಮ ಒಲಿ ಮೇಲಿನ್ ಅಡ್ಗಿ ಬಿಟ್ಟ್, ತೋಡ್ ದಾಟಿ ಹೋಯಿ, ಅಲ್ ನಿಂತ್ ಕೂ ಅಂದ್ಲಂಬ್ರ್. ಆಮೇಲೆ ಮನಿಗೆ ಬಂದ. ಅಮ್ಮ ಸಾಯುವರಿಗೂ ಅದ್ನ ಹೇಳ್ತಿದ್ಲ್." ಆಚೆಯಿಂದ 'ಕೂ' ಕೇಳಿಸುವವರೆಗೆ, ಕತ್ತಲಾದರೂ ಮಳೆ ಬಂದರೂ, ಮನೆಗೆ ಹೋಗುವ ಹಾಗಿಲ್ಲವಂತೆ.

ನನಗೆ ಮೊದಲು ಬಂದದ್ದು ಕೋಪ, ಅಳು ಅಲ್ಲ. ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ ಗಂಡಸು ಒಂದು ಸಲ ಬಾಯಿಬಿಟ್ಟು ಹೇಳಬಾರದಿತ್ತೇ? ಹಲಗೆಯ ಮೇಲೆ ಪೊಂಗಲ್ ಬರೆಯುವ ಬದಲು ಒಂದು ದಿನ ಒಂದು ದೀಪ ಬರೆಯಬಾರದಿತ್ತೇ? "ಯಾಕೆ ಅತ್ತಿಗೆ, ನನಗೆ ಯಾಕೆ ಹೇಳಲಿಲ್ಲ?" ಎಂದು ಅವರ ಮೇಲೆಯೇ ಹರಿಹಾಯ್ದೆ.

"ಇಲ್ಲಿ ಹೇಳಿ ಎಂತ ಮಾಡುಕೆ?" ಎಂದರು ಅವರು. "ಮದ್ರಾಸಂಗೆ ಗೆದ್ದಿ ಎಲ್ಲಿತ್ತ್? ಕೂಗಿದ್ರೆ ಪೊಲೀಸ್ರ್ ಬತ್ರ್."

ಅದೂ ನಿಜ. ಆ ಮಾತಿಗೆ ಇಬ್ಬರೂ ಸ್ವಲ್ಪ ನಕ್ಕೆವು. ನಗು ಮುಗಿಯುವ ಮೊದಲೇ ನನಗೆ ಆ ಬೆರಳು ನೆನಪಾಯಿತು. ಹುಡುಗನಿಂದ ಹೊರಟು, ತೋಡು ದಾಟಿ, ಆಚೆ ಗದ್ದೆಗೆ ಹೋಗಿ, ಅಲ್ಲಿಂದ ನನ್ನ ಎದೆಗೆ ಬರುತ್ತಿದ್ದ ಬೆರಳು. ನಾನು ಹೇಳಿದೆ. ಅತ್ತಿಗೆ ಕಣ್ಣೊರೆಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ಹಂಗಾರೆ ನನ್ನ ಜಾಗ ನಿಂಗೆ ಕೊಟ್ಟಿದ," ಎಂದರು.

ಅಲ್ಲಿಗೆ ನನ್ನ ಕೋಪ ಸತ್ತುಹೋಯಿತು. ಕೋಪ ಇದ್ದಿದ್ದರೇ ಚೆನ್ನಾಗಿತ್ತು. ಅವರಿಗೆ ಊರು ಬೇಕಿರಲಿಲ್ಲ, ಊಟ ಬೇಕಿರಲಿಲ್ಲ. ನಿಂತಲ್ಲಿಂದ ಕೂಗುತ್ತಿದ್ದರು, ದನಿ ಇಲ್ಲದೆ, ಇಡೀ ಬೇಸಿಗೆ, ಆಮೇಲೆ ಮಳೆ. ಆಚೆ ಗದ್ದೆಯಿಂದ ನಾನು ಒಂದು 'ಕೂ' ಅಂದರೆ ಸಾಕಿತ್ತು. ಇದ್ದೀನಿ, ಕೇಳಿಸಿತು, ಇನ್ನು ನೀವು ಮನೆಗೆ ಹೋಗಬಹುದು ಎಂದು. ಕೂಗುವ ಬಾಯಿಗೆ ನಾನು ಗಂಜಿ ಹಾಕಿದೆ. ಅವರು ಅದನ್ನು ನುಂಗಿ, ಚಮಚ ಕೆಳಗಿಡುವವರೆಗೆ ಕಾದು, ಮತ್ತೆ ಕೂಗಿದರು. ನಾನು ಮತ್ತೆ ಹಾಕಿದೆ. ಅವರು ಸತ್ತ ದಿನ ನಾನು ಅತ್ತಿದ್ದೆ. ಈ ಮಧ್ಯಾಹ್ನದ ಅಳುವಿನ ಮುಂದೆ ಅದು ಅಳುವೇ ಅಲ್ಲ. ಮಗ ಪಕ್ಕದಲ್ಲಿ ಕೂತು, "ಉನಕ್ಕು ಎಪ್ಪಡಿಮ್ಮಾ ತೆರಿಯುಂ" ಎನ್ನುತ್ತಿದ್ದ, ನಿನಗೆ ಹೇಗೆ ಗೊತ್ತಾಗಬೇಕು ಎಂದು. ಗೊತ್ತಾಗುವ ಹಾಗಿರಲಿಲ್ಲ, ಸರಿ. ಆದರೆ ಅವರು ನಿಂತೇ ಇದ್ದರಲ್ಲ.

ಅತ್ತಿಗೆ ನವರಾತ್ರಿಗೆ ಮೊದಲೇ ಊರಿಗೆ ಹೋದರು. ದೀಪಾವಳಿ ಬಂತು. ಸಾವಾದ ಮನೆಗೆ ಆ ವರ್ಷ ಹಬ್ಬವಿಲ್ಲ. ಎಣ್ಣೆ ಶಾಸ್ತ್ರವಿಲ್ಲ, ಹೊಸ ಬಟ್ಟೆಯಿಲ್ಲ, ಬಾಗಿಲಿಗೆ ದೀಪವಿಲ್ಲ. ಮದ್ರಾಸಿನಲ್ಲಿ ಹೇಗೂ ದೀಪಾವಳಿ ಎಂದರೆ ನರಕ ಚತುರ್ದಶಿಯ ಬೆಳಗು. ಸ್ನಾನ, ಪಟಾಕಿ, ತಿಂಡಿ ಆದರೆ ಮುಗಿಯಿತು. ಬಲಿಪಾಡ್ಯಮಿ ಇಲ್ಲಿ ಯಾರಿಗೂ ಹಬ್ಬವಲ್ಲ, ಗುಡಿಸುವ ದಿನ. ಆ ಸಂಜೆ ನಾನು ಲಿಫ್ಟಿನಲ್ಲಿ ಟೆರೇಸಿಗೆ ಹೋದೆ. ಹನಿ ಬಿದ್ದು ನಿಂತಿತ್ತು. ಕೆಳಗೆ ರಸ್ತೆಯಲ್ಲಿ ಪಟಾಕಿಯ ಕೆಂಪು ಕಾಗದ ಒದ್ದೆಯಾಗಿ ಅಂಟಿಕೊಂಡಿತ್ತು. ದೂರದಲ್ಲಿ ಗುಡ್ಡ ಇರಬೇಕಾದ ಕಡೆ ಒಂದು ಫ್ಲೈಓವರ್, ಅದರ ಮೇಲೆ ದೀಪ ಹಾಕಿಕೊಂಡ ಗಾಡಿಗಳ ಸಾಲು.

ನಾನು ದೀಪ ಒಯ್ದಿರಲಿಲ್ಲ. ಹಬ್ಬ ಮಾಡಬಾರದು, ಮಾಡಲಿಲ್ಲ. ಕರೆದವರಿಗೆ ಓಗೊಡಬಾರದು ಎಂದು ಯಾವ ಶಾಸ್ತ್ರದಲ್ಲೂ ಇಲ್ಲವಲ್ಲ. ನೀರಿನ ಟ್ಯಾಂಕಿನ ಪಕ್ಕ ನಿಂತು ಕೈಯನ್ನು ಕೆನ್ನೆಗೆ ತಂದೆ. ಮೊದಲ ಸಲ ದನಿಯೇ ಏಳಲಿಲ್ಲ, ಬರೀ ಗಾಳಿ ಬಂತು. ಅವರಿಗೂ ಹೀಗೇ ಆಗುತ್ತಿತ್ತು. ಅಜ್ಜಿಯ ಸೌಟಿನ ಶಬ್ದ ನೆನಪಾಯಿತು. ಕಣ್ಣು ಮುಚ್ಚಿಕೊಂಡೆ.

"ಕೂ..."

ಟೆರೇಸಿನ ಇನ್ನೊಂದು ತುದಿಯಲ್ಲಿ ಬಟ್ಟೆ ತೆಗೆಯಲು ಬಂದಿದ್ದ ಮೂರನೆಯ ಮಹಡಿಯ ಹೆಂಗಸು ಬೆಚ್ಚಿಬಿದ್ದು, ಸೀರೆಯ ಮರೆಯಿಂದ ಇಣುಕಿದಳು. "ಎನ್ನ ಮಾಮಿ, ಯಾರೆ ಕೂಪ್ಪಿಡ್ರೀಂಗ?" ಎಂದಳು. ಯಾರನ್ನು ಕರೆಯುತ್ತಿದ್ದೀರಿ ಎಂದು.

ನಾನು ಯಾರನ್ನೂ ಕರೆಯುತ್ತಿಲ್ಲ, ನಮ್ಮ ಮನೆಯವರು ಕರೆದಿದ್ದರು, ಅದಕ್ಕೆ ಈಗ ಉತ್ತರ ಕೊಡುತ್ತಿದ್ದೇನೆ ಎಂದು ತಮಿಳಿನಲ್ಲೇ ಹೇಳಿದೆ. ಅವಳಿಗೆ ನಮ್ಮ ಮನೆಯವರು ಹೋದದ್ದು ಗೊತ್ತು. ಬಟ್ಟೆಯನ್ನು ತೋಳಿಗೆ ಹಾಕಿಕೊಂಡು ಕೆಳಗಿಳಿದು ಹೋದಳು.

ನಾನು ಇನ್ನೊಂದು ಸಲ ಕೂಗಿದೆ, ಮೊದಲಿಗಿಂತ ಜೋರಾಗಿ. ಕತ್ತಲಾಗುತ್ತಿತ್ತು, ಅವರು ಮನೆಗೆ ಹೋಗಲಿ ಎಂದು.